ವಿದೇಶದಲ್ಲಿ ಕೂತು ಊರಿನ ಕಂಪನಿ ಕೆಲಸ: ಯಾವ ದೇಶದ ವೀಸಾ ಅಗ್ಗ, ಎಲ್ಲಿ ಮೋಸ?

ದೇಶನೂರು: ಬೆಂಗಳೂರು, ಹೈದರಾಬಾದ್ ಕಂಪನಿಗಳ ಕೆಲಸವನ್ನ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಮಾಡೋ ಹುಡುಗ ಹುಡುಗಿಯರು ಕೊರೊನಾ ನಂತರ ಹಳ್ಳಿಗಳಲ್ಲೂ ಸಿಗ್ತಾರೆ. ಇಂಥವರ ಮೊಬೈಲ್‌ಗೆ ಬರೋ ಜಾಹೀರಾತು ಹೆಚ್ಚುಕಡಿಮೆ ಒಂದೇ ನಮೂನೆ: ಕಡಿಮೆ ಖರ್ಚಲ್ಲಿ ರಿಮೋಟ್ ವರ್ಕ್ ವೀಸಾ, ಸಮುದ್ರದ ದಂಡೆಯಲ್ಲಿ ಕೂತು ಕೆಲಸ. ಇಂಥ ವೀಸಾ ಇರೋದು ನಿಜ. ಅದರ ಹೆಸರಲ್ಲಿ ಮೋಸ ನಡೆಯೋದೂ ನಿಜ. ಏಜೆಂಟ್ ಕೈಗೆ ದುಡ್ಡು ಇಡೋ ಮೊದಲು ತಿಳ್ಕೊಳ್ಳಬೇಕಾದ ಸಂಗತಿಗಳು ಇಲ್ಲಿವೆ.

ಇದಕ್ಕೆ ಡಿಜಿಟಲ್ ನೋಮ್ಯಾಡ್ ವೀಸಾ ಅಂತಾರೆ. ಎಸ್ಟೋನಿಯಾ ದೇಶ 2020ರ ಆಗಸ್ಟ್‌ನಲ್ಲಿ ಶುರು ಮಾಡಿತು, ಆಮೇಲೆ ಹತ್ತಾರು ದೇಶಗಳು ಅದೇ ದಾರಿ ಹಿಡಿದವು. ಮೊದಲು ಗೊತ್ತಿರಬೇಕಾದ್ದು ಇಷ್ಟು: ಈ ವೀಸಾ ಕೆಲಸ ಕೊಡೋದಲ್ಲ. ಕೈಯಲ್ಲಿ ಈಗಾಗಲೇ ಕೆಲಸ ಇರೋರಿಗೆ ಅಲ್ಲಿ ಉಳಿಯೋಕೆ ಕೊಡೋ ಅನುಮತಿ. ಸಂಬಳ ಆ ದೇಶದ ಹೊರಗಿಂದಲೇ ಬರಬೇಕು. ಅಲ್ಲಿನ ಅಂಗಡಿ, ಹೋಟೆಲ್, ಕಂಪನಿಯಲ್ಲಿ ದುಡಿಯೋ ಹಾಗಿಲ್ಲ. ಹಾಗಾಗಿ ‘ವೀಸಾನೂ ಕೊಡಿಸ್ತೀವಿ, ಅಲ್ಲಿಗೆ ಹೋದ ಮೇಲೆ ಕೆಲಸಾನೂ ಕೊಡಿಸ್ತೀವಿ’ ಅಂತ ಯಾರಾದರೂ ಹೇಳಿದರೆ ಅವರು ಹೇಳ್ತಿರೋದು ಈ ವೀಸಾ ಬಗ್ಗೆ ಅಲ್ಲ.

ಶುಲ್ಕ ಅಲ್ಲ, ಆದಾಯದ ಷರತ್ತು ನೋಡ್ರಿ

ಶುಲ್ಕದ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ ಮಾರಿಷಸ್. ಅಲ್ಲಿನ ಪ್ರೀಮಿಯಂ ವೀಸಾಕ್ಕೆ ಶುಲ್ಕವೇ ಇಲ್ಲ. ಒಂದು ವರ್ಷ ಇರಬಹುದು, ಆನ್‌ಲೈನ್‌ನಲ್ಲೇ ಅರ್ಜಿ. ತಿಂಗಳಿಗೆ 1,500 ಡಾಲರ್, ಅಂದರೆ ನಮ್ಮ ದುಡ್ಡಲ್ಲಿ ಸುಮಾರು 1.3 ಲಕ್ಷ ರೂಪಾಯಿ ಆದಾಯ ತೋರಿಸಬೇಕು. ಜೊತೆಗೆ ವಾಪಸ್ ಟಿಕೆಟ್, ಆರೋಗ್ಯ ವಿಮೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಬೆಂಗಳೂರಿನ ಹತ್ತು ಗಂಟೆ ಮೀಟಿಂಗ್ ಅಲ್ಲಿ ಎಂಟೂವರೆಗೆ ಬರುತ್ತೆ. ಆದರೆ ವೀಸಾ ಪುಕ್ಕಟೆ ಆದ ಮಾತ್ರಕ್ಕೆ ಬಾಡಿಗೆ ಪುಕ್ಕಟೆ ಆಗಲ್ಲ. ಅದು ದ್ವೀಪ, ದಿನಬಳಕೆಯ ಎಷ್ಟೋ ಸಾಮಾನು ಹಡಗಲ್ಲೇ ಬರಬೇಕು.

ಹುಡುಗರ ಬಾಯಲ್ಲಿ ಹೆಚ್ಚು ಓಡಾಡೋ ಹೆಸರು ಥಾಯ್ಲೆಂಡ್‌ನ ಡಿಟಿವಿ. 2024ರ ಜುಲೈನಲ್ಲಿ ಬಂದದ್ದು. ಮೂಲ ಶುಲ್ಕ 10,000 ಬಾತ್, ಐದು ವರ್ಷದ ಅವಧಿ, ಪ್ರತಿ ಸಲ ಹೋದಾಗ 180 ದಿನ ಇರಬಹುದು. ಶುಲ್ಕ ಹಂಚಿಕೊಂಡರೆ ವರ್ಷಕ್ಕೆ ಬೀಳೋದು ಕೆಲವೇ ಸಾವಿರ. ಕಷ್ಟ ಇರೋದು ಬೇರೆ ಕಡೆ: ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದೆ ಅಂತ ತೋರಿಸಬೇಕು. ರೂಪಾಯಿಯಲ್ಲಿ ಅದು ಹದಿಮೂರು, ಹದಿನಾಲ್ಕು ಲಕ್ಷದ ಹತ್ತಿರ. ಈ ದುಡ್ಡನ್ನ ನಾಲ್ಕು ದಿನಕ್ಕೆ ಬಡ್ಡಿಗೆ ಹಾಕಿಸಿ ತೋರಿಸ್ತೀವಿ ಅನ್ನೋ ಏಜೆಂಟ್‌ಗಳಿದ್ದಾರೆ. ರಾಯಭಾರ ಕಚೇರಿಯವರು ಕೇಳೋದು ತಿಂಗಳುಗಳ ಸ್ಟೇಟ್‌ಮೆಂಟ್. ನಿನ್ನೆ ಬಂದು ಕೂತ ಲಕ್ಷಗಳು ಅದರಲ್ಲಿ ಎದ್ದು ಕಾಣ್ತವೆ, ಅರ್ಜಿ ತಿರಸ್ಕಾರ ಆದರೆ ಶುಲ್ಕ ವಾಪಸ್ ಬರಲ್ಲ, ಬಡ್ಡಿ ಮಾತ್ರ ಓಡ್ತಿರುತ್ತೆ.

ಮಲೇಷ್ಯಾದ ಡಿ-ರಂತಾವ್ ಪಾಸ್ 2022ರಲ್ಲಿ ಶುರುವಾಯಿತು. ಶುಲ್ಕ 1,000 ರಿಂಗಿಟ್, ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಸಾಫ್ಟ್‌ವೇರ್ ಥರದ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಸಾಕು, ಬೇರೆ ಕೆಲಸದವರಿಗೆ 60,000 ಡಾಲರ್. ಅಂದರೆ ಕೋಡಿಂಗ್ ಮಾಡೋನಿಗೆ ತಿಂಗಳಿಗೆ ಒಂದು ಮುಕ್ಕಾಲು ಲಕ್ಷ, ಅಕೌಂಟ್ಸ್ ನೋಡೋನಿಗೆ ನಾಲ್ಕು ಲಕ್ಷಕ್ಕೂ ಮೇಲೆ.

ಉಳಿದವು ನಮ್ಮ ಕಡೆಯವರಿಗೆ ದೂರದ ಬೆಟ್ಟ. ದುಬೈ ತಿಂಗಳಿಗೆ 3,500 ಡಾಲರ್ ಕೇಳುತ್ತೆ. ಇಂಡೋನೇಷ್ಯಾ ವರ್ಷಕ್ಕೆ 60,000. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕು ಪಟ್ಟು. ಜಪಾನ್ 2024ರಲ್ಲಿ ತಂದ ವೀಸಾದ ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲ, ಆ ಹೆಸರಲ್ಲಿ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹಾಗಾದರೆ ನಲವತ್ತು ಸಾವಿರ ಸಂಬಳದವರಿಗೆ ಯಾವ ದಾರಿ? ಪಕ್ಕದ ನೇಪಾಳ. ಭಾರತೀಯರಿಗೆ ಅಲ್ಲಿ ವೀಸಾವೇ ಬೇಡ, 1950ರ ಒಪ್ಪಂದದ ಪ್ರಕಾರ ವಾಸಕ್ಕೂ ಓಡಾಟಕ್ಕೂ ಅವಕಾಶ ಇದೆ. ವಿಮಾನದಲ್ಲಿ ಹೋಗೋದಾದರೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇರಲಿ. 15 ವರ್ಷದೊಳಗಿನವರು, 65 ದಾಟಿದವರನ್ನ ಬಿಟ್ಟರೆ ಆಧಾರ್ ನಡೆಯಲ್ಲ. ಜಾಹೀರಾತುಗಳಲ್ಲಿ ನೇಪಾಳದ ಹೆಸರು ಯಾಕೆ ಇರಲ್ಲ ಅಂತ ಬೇರೆ ಹೇಳಬೇಕಿಲ್ಲ, ವೀಸಾ ಬೇಡ ಅಂದಮೇಲೆ ಏಜೆಂಟ್‌ಗೆ ಕಮಿಷನ್ ಎಲ್ಲಿಂದ?

ಬ್ಯಾಂಕಾಕ್ ಅಂತ ಹೇಳಿ ಮ್ಯಾನ್ಮಾರ್‌ಗೆ

ಈ ವಿಷಯದಲ್ಲಿ ನಿಜವಾದ ಭಯ ಇರೋದು ಇಲ್ಲಿ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ ಕರೆಸಿಕೊಂಡು, ಬ್ಯಾಂಕಾಕ್‌ನಲ್ಲಿ ಇಳಿಸಿ, ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಸುತ್ತಲಿನ ಸೈಬರ್ ವಂಚನೆ ಅಡ್ಡೆಗಳಿಗೆ ತಳ್ಳೋ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ದಿನವಿಡೀ ಆನ್‌ಲೈನ್ ಮೋಸದ ಕೆಲಸ ಮಾಡಿಸ್ತಾರೆ. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ಗಡಿಯ ಮೇ ಸೋಟ್‌ನಿಂದ ವಾಯುಪಡೆ ವಿಮಾನಗಳಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನ ವಾಪಸ್ ಕರೆತರಲಾಯಿತು. ಇಂಗ್ಲಿಷ್ ಬರುತ್ತೆ, ಟೈಪಿಂಗ್ ಬರುತ್ತೆ, ಡಿಗ್ರಿ ಆಗಿದೆ ಅನ್ನೋ ಹುಡುಗರೇ ಈ ಜಾಲಕ್ಕೆ ಬೇಕಾದವರು. ಟಿಕೆಟ್ ನಾವೇ ಹಾಕ್ತೀವಿ, ಸದ್ಯ ಟೂರಿಸ್ಟ್ ಆಗಿ ಬಾ, ವೀಸಾ ಆಮೇಲೆ ಬದಲಾಯಿಸೋಣ ಅಂದರೆ ಹೋಗಬೇಡಿ.

ವಿದೇಶದಲ್ಲಿ ಉದ್ಯೋಗ ಕೊಡಿಸೋ ಏಜೆಂಟ್‌ಗೆ ಕೇಂದ್ರ ಸರ್ಕಾರದ ನೋಂದಣಿ ಕಡ್ಡಾಯ. ಹೆಸರು ಇದೆಯೋ ಇಲ್ಲವೋ ಅಂತ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಎರಡು ಲಕ್ಷ, ಮೂರು ಲಕ್ಷ ಕೇಳಿದರೆ ರಸೀದಿ ಕೇಳಿ ನೋಡ್ರಿ, ಉತ್ತರದಲ್ಲೇ ಗೊತ್ತಾಗುತ್ತೆ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಕಾಗದ ಪತ್ರ

ಪಾಸ್‌ಪೋರ್ಟ್‌ಗೆ 36 ಪುಟದ್ದಾದರೆ 1,500 ರೂಪಾಯಿ, ತತ್ಕಾಲ್ ಬೇಕಿದ್ದರೆ ಇನ್ನೂ 2,000. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆಗಿಟ್ಟುಕೊಳ್ಳಿ. ಹತ್ತನೇ ತರಗತಿ ಪಾಸಾದ ದಾಖಲೆ ಇಲ್ಲದಿದ್ದರೆ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರಬಹುದು, ಆಗ ಗಲ್ಫ್, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ಪ್ರತ್ಯೇಕ ಅನುಮತಿ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಅದೇ ಪಾಸ್‌ಪೋರ್ಟ್ ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು.

ಇದೆಲ್ಲಕ್ಕಿಂತ ಮೊದಲು ಬೇಕಾದ ಕಾಗದ ಕಂಪನಿಯದ್ದು. ವಿದೇಶದಿಂದ ಕೆಲಸ ಮಾಡೋಕೆ ಒಪ್ಪಿಗೆ ಇದೆ ಅಂತ ಎಚ್‌ಆರ್ ಕಡೆಯಿಂದ ಪತ್ರ ತಗೊಳ್ಳಿ. ಮನೆಯಿಂದ ಕೆಲಸಕ್ಕೆ ಒಪ್ಪಿದ ಕಂಪನಿ ಬ್ಯಾಂಕಾಕ್‌ನಿಂದ ಕೆಲಸಕ್ಕೂ ಒಪ್ಪುತ್ತೆ ಅಂತಿಲ್ಲ. ತೆರಿಗೆ ಬಗ್ಗೆ ಸಿಎ ಹತ್ರ ಒಂದು ಮಾತು ಕೇಳಿ: ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಇಲ್ಲಿನ ನಿವಾಸಿಯೇ, ಥಾಯ್ಲೆಂಡ್‌ನಲ್ಲಿ ಕ್ಯಾಲೆಂಡರ್ ವರ್ಷಕ್ಕೆ 180 ದಿನ ಇದ್ದರೆ ಅಲ್ಲಿನ ತೆರಿಗೆ ಲೆಕ್ಕಕ್ಕೂ ಬರ್ತೀರಿ. ಶುಲ್ಕ, ಷರತ್ತು ಆಗಾಗ ಬದಲಾಗ್ತವೆ, ಅರ್ಜಿ ಹಾಕೋ ದಿನ ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನೇ ತೆರೆದು ನೋಡಿ.