ಸೊರಗಿಸುವುದು ನಂಜೋ, ಗಿಡದ ಹಾರ್ಮೋನೋ? ಬೈರಕೂರಿನ ಟೊಮ್ಯಾಟೊ ಬೆಳೆಯ ಹಿನ್ನೆಲೆಯಲ್ಲಿ ಒಂದು ಮರುವಿಚಾರ

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯಲ್ಲಿ ಕೊಳವೆಬಾವಿ ನೆಚ್ಚಿ ಟೊಮ್ಯಾಟೊ ಬೆಳೆಯುವವರಿಗೆ ಸೊರಗು ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಸೊರಗಿದ ಗಿಡದ ಬುಡವನ್ನು ಕತ್ತರಿಸಿ ಲೋಟದ ನೀರಿಗೆ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾದ ಕೆಲಸ. ನೀರು ತಿಳಿಯಾಗಿಯೇ ಉಳಿದು, ಸೀಳಿದ ಕಾಂಡದ ನಾಳಗಳು ಕಂದುಬಣ್ಣಕ್ಕೆ ತಿರುಗಿದ್ದು, ಕೆಳಗಿನ ಎಲೆಗಳು ಒಂದೇ ಮಗ್ಗುಲಲ್ಲಿ ಹಳದಿಯಾಗಿದ್ದರೆ ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರವನ್ನು ಶಂಕಿಸಬೇಕು. ಈ ಲೇಖನ ಎರಡನೆಯದನ್ನು ಕುರಿತದ್ದು.

ಶಿಲೀಂಧ್ರ ಗಿಡವನ್ನು ಹೇಗೆ ಕೊಲ್ಲುತ್ತದೆ? ಸ್ವಿಟ್ಜರ್ಲೆಂಡಿನ ಅರ್ನ್‌ಸ್ಟ್ ಗಾಯ್ಮನ್ 1950ರ ದಶಕದಲ್ಲಿ ಕೊಟ್ಟ ಉತ್ತರ ನೇರವಾಗಿತ್ತು: ನಂಜು ತಯಾರಿಸಬಲ್ಲ ಸೂಕ್ಷ್ಮಜೀವಿ ಮಾತ್ರ ರೋಗ ತರಬಲ್ಲದು. ಫ್ಯುಸೇರಿಯಂನ ಫ್ಯುಸಾರಿಕ್ ಆಮ್ಲ ಈ ವಾದದ ಮುಖ್ಯ ಸಾಕ್ಷಿ. ಮದರಾಸಿನ ಲಕ್ಷ್ಮೀನಾರಾಯಣನ್ ಮತ್ತು ಸುಬ್ರಮಣಿಯನ್ ಸೊರಗಿದ ಹತ್ತಿಗಿಡದೊಳಗೇ ಈ ಆಮ್ಲವನ್ನು ಗುರುತಿಸಿ 1955ರಲ್ಲಿ ಪ್ರಕಟಿಸಿದ ಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು. ನಂಜು ರೋಗಿಷ್ಠ ಗಿಡದೊಳಗೆ ಇದೆ ಎಂಬುದರಲ್ಲಿ ಈಗ ತಕರಾರಿಲ್ಲ. ಅದರ ಇರುವಿಕೆಯೊಂದರಿಂದಲೇ ಸಾವನ್ನು ವಿವರಿಸಬಹುದು ಎಂಬ ತೀರ್ಮಾನಕ್ಕೆ ಮಾತ್ರ ನನ್ನ ಆಕ್ಷೇಪ.

ಈ ತೀರ್ಮಾನವನ್ನು ಅಲುಗಾಡಿಸಿದ್ದು ಟೊಮ್ಯಾಟೊದ ಇನ್ನೊಂದು ರೋಗ. ಆಲ್ಟರ್ನೇರಿಯಾ ಆಲ್ಟರ್ನೇಟ ಶಿಲೀಂಧ್ರದ ಒಂದು ಬಗೆ ಸ್ರವಿಸುವ ಎಎಎಲ್ ನಂಜು ರಚನೆಯಲ್ಲಿ ಗಿಡದ ಸ್ಫಿಂಗೋಲಿಪಿಡ್ ಮೂಲವಸ್ತುವನ್ನು ಹೋಲುತ್ತದೆ; ಸಿರಮೈಡ್ ತಯಾರಿಕೆಯನ್ನು ತಡೆಯುತ್ತದೆ. ಆಮೇಲೆ ಕೋಶ ಸುಮ್ಮನೆ ಒಡೆದುಹೋಗುವುದಿಲ್ಲ. ತನ್ನ ಡಿಎನ್‌ಎಯನ್ನು ತಾನೇ ತುಂಡರಿಸಿಕೊಂಡು ಕ್ರಮಬದ್ಧವಾಗಿ ಸಾಯುತ್ತದೆ ಎಂದು ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಗಿಡದ ಅನಿಲರೂಪಿ ಹಾರ್ಮೋನಾದ ಎಥಿಲೀನ್‌ನ ಕ್ರಿಯೆಯನ್ನು ತಡೆದರೆ ಈ ಸಾವು ತಗ್ಗುತ್ತದೆ. ಇದೇ ಬಗೆಯ ರಚನೆಯ ಫ್ಯುಮೋನಿಸಿನ್ ನಂಜು ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದ ಕೋಶಗಳನ್ನು ಕೊಲ್ಲಲು ಜಾಸ್ಮೋನೇಟ್, ಎಥಿಲೀನ್, ಸ್ಯಾಲಿಸಿಲೇಟ್ ಎಂಬ ಮೂರು ಹಾರ್ಮೋನುಗಳ ಸಂಜ್ಞಾಮಾರ್ಗಗಳೂ ಬೇಕು ಎಂಬುದು 2000ದಲ್ಲಿ ಸ್ಪಷ್ಟವಾಯಿತು. ನಂಜು ಕಿಡಿ ಹೊತ್ತಿಸುತ್ತದೆ. ಉರಿಯುವುದು ಗಿಡದ ಸ್ವಂತ ಸೌದೆ.

ಆದರೆ ಈ ಕಥೆಯನ್ನು ಇಡಿಯಾಗಿ ಎತ್ತಿ ಕೋಲಾರದ ಹೊಲಕ್ಕೆ ಇಳಿಸುವಂತಿಲ್ಲ. ಎಎಎಲ್ ನಂಜಿಗೆ ಬಲಿಯಾಗುವುದು ಎಎಸ್‌ಸಿ ವಂಶವಾಹಿ ಕೆಟ್ಟಿರುವ ತಳಿಗಳು ಮಾತ್ರ; ಬಹುಪಾಲು ತಳಿಗಳಲ್ಲಿ ಅದು ಸರಿಯಾಗಿಯೇ ಇದೆ. ನಮ್ಮಲ್ಲಿ ಎಲೆ ಸುಡುವ ಅಂಗಮಾರಿಯ ಆಲ್ಟರ್ನೇರಿಯಾ ಸೊಲಾನಿ ಬೇರೆಯೇ ಶಿಲೀಂಧ್ರ. ಫ್ಯುಸೇರಿಯಂ ಸೊರಗಿಗಂತೂ ಬೇರೆ ಸಾಕ್ಷ್ಯವೇ ಬೇಕು.

ಆ ಸಾಕ್ಷ್ಯ ಬಹುಕಾಲದಿಂದ ನಮ್ಮ ಮುಂದೆಯೇ ಇದೆ. ಸೊರಗುವ ಟೊಮ್ಯಾಟೊದಲ್ಲಿ ಎಲೆತೊಟ್ಟು ಕೆಳಕ್ಕೆ ಬಾಗುವುದಕ್ಕೆ ಎಥಿಲೀನ್ ಕಾರಣ ಎಂದು ಡೈಮಂಡ್ ಮತ್ತು ವ್ಯಾಗನರ್ 1953ರಲ್ಲೇ ವಾದಿಸಿದ್ದರು. ಆ ಅನಿಲವನ್ನು ಶಿಲೀಂಧ್ರವೂ ತಯಾರಿಸಬಲ್ಲದಾದ್ದರಿಂದ ‘ಅದೂ ಒಂದು ನಂಜೇ’ ಎಂದು ಗಾಯ್ಮನ್ ಪಕ್ಷದವರು ಹೇಳಬಹುದಿತ್ತು. ಈ ತೊಡಕನ್ನು ಬಿಡಿಸುವುದು ‘ನೆವರ್ ರೈಪ್’ ಎಂಬ ಟೊಮ್ಯಾಟೊ ರೂಪಾಂತರಿ. ಅದರ ಎಥಿಲೀನ್ ಗ್ರಾಹಕ ಕೆಟ್ಟಿರುವುದರಿಂದ ಹಣ್ಣು ಸರಿಯಾಗಿ ಮಾಗುವುದಿಲ್ಲ. ಲುಂಡ್, ಸ್ಟಾಲ್, ಕ್ಲೀ 1998ರಲ್ಲಿ ಈ ಗಿಡಕ್ಕೆ ಫ್ಯುಸೇರಿಯಂ ಸೋಂಕಿಸಿದಾಗ ರೋಗಲಕ್ಷಣ ಗಮನಾರ್ಹವಾಗಿ ಕಡಿಮೆಯಾಯಿತು. ಅನಿಲ ಯಾರದೇ ಆಗಿರಲಿ, ಗಿಡ ಅದನ್ನು ಗ್ರಹಿಸದಿದ್ದರೆ ಕೇಡು ಕಡಿಮೆ. ಅಂದರೆ ರೋಗದ ತೀವ್ರತೆಯ ಒಂದು ದೊಡ್ಡ ಪಾಲು ಗಿಡದ ಗ್ರಹಿಕೆಯಲ್ಲೇ ಇದೆ ಎಂಬುದು ನನ್ನ ಪ್ರತಿಪಾದನೆ.

ಇದಕ್ಕೆ ಮಿತಿಗಳಿವೆ. ಲಕ್ಷಣ ಕಡಿಮೆಯಾದ ಮಾತ್ರಕ್ಕೆ ಶಿಲೀಂಧ್ರ ಕಡಿಮೆಯಾಯಿತು ಎನ್ನಲಾಗದು. ಅದೇ ಪ್ರಯೋಗದಲ್ಲಿ ಎಲೆಚುಕ್ಕೆಯ ಬ್ಯಾಕ್ಟೀರಿಯಾ ನೆವರ್ ರೈಪ್ ಮತ್ತು ಮಾಮೂಲಿ ಗಿಡಗಳೆರಡರಲ್ಲೂ ಸಮಾನವಾಗಿತ್ತು. ಬಾಟ್ರೈಟಿಸ್‌ನಂಥ ಶಿಲೀಂಧ್ರದ ಎದುರು ಎಥಿಲೀನ್ ರಕ್ಷಣೆಗೇ ನಿಲ್ಲುತ್ತದೆ. ಫ್ಯುಸಾರಿಕ್ ಆಮ್ಲಕ್ಕೆ ಪಾತ್ರವೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ.

ಹಣ್ಣಾಗದ ಟೊಮ್ಯಾಟೊ ರೈತರಿಗೆ ಬೇಡ, ನಿಜ. ಆದರೆ ಬೇರುಕಾಂಡವಾಗಿ? ಥ್ಯಾಚರ್ ಮತ್ತು ಸಂಗಡಿಗರು 2009ರಲ್ಲಿ ಅರಾಬಿಡಾಪ್ಸಿಸ್‌ನಲ್ಲಿ ಕಸಿ ಮಾಡಿ ನೋಡಿದಾಗ, ಜಾಸ್ಮೋನೇಟ್ ಗ್ರಹಿಸದ ಬೇರಿದ್ದರೆ ಫ್ಯುಸೇರಿಯಂ ವಿರುದ್ಧ ಗಿಡಕ್ಕೆ ತಾಳಿಕೆ ಬರುವುದು ಕಂಡಿತು. ಅದು ಬೇರೆ ಗಿಡ, ಬೇರೆ ಹಾರ್ಮೋನು. ಎಥಿಲೀನ್‌ಗೂ ಹಾಗೆಯೇ ಎಂದು ಊಹಿಸುವಂತಿಲ್ಲ. ಎಥಿಲೀನ್ ಗ್ರಹಿಸದ ಗಿಡದಲ್ಲಿ ಕಾಂಡದಿಂದ ಹೊಸ ಬೇರು ಒಡೆಯುವುದು ಕಡಿಮೆ ಎಂಬ ತೊಂದರೆಯೂ ಇದೆ. ಆದರೂ ನೆವರ್ ರೈಪ್ ಬೇರಿನ ಮೇಲೆ ಮಾಮೂಲಿ ತಳಿಯ ಕುಡಿ ಕಸಿಮಾಡಿ, ಸೊರಗು ನೆಲೆಯೂರಿದ ಬೈರಕೂರು ಸೀಮೆಯ ಮಣ್ಣಿನಲ್ಲಿ ಒಂದು ಬೆಳೆ ತೆಗೆದು ನೋಡುವುದು ಕಷ್ಟದ ಕೆಲಸವಲ್ಲ. ಟಮಕದ ತೋಟಗಾರಿಕೆ ಕಾಲೇಜು ಹತ್ತಿರದಲ್ಲೇ ಇದೆ. ಅಲ್ಲಿನ ಸಂಶೋಧಕರು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.