ಘಾಟಿಯ ಕ್ರಾಸಿಂಗೂ ಹತ್ತನೇ ತರಗತಿಯ ಗ್ರಾಫೂ

ಕಬಕ ಪುತ್ತೂರಿನಿಂದ ಬೆಂಗಳೂರು ರೈಲು ಹತ್ತಿದವರಿಗೆ ಇದು ಗೊತ್ತು. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿ ಘಾಟಿ ಏರುವಾಗ ಸಿರಿಬಾಗಿಲಲ್ಲೋ ಎಡಕುಮೇರಿಯಲ್ಲೋ ರೈಲು ಸುಮ್ಮನೆ ನಿಂತುಬಿಡುತ್ತದೆ. ಕೇಳಿದರೆ ‘ಕ್ರಾಸಿಂಗ್ ಉಂಟು’ ಎನ್ನುತ್ತಾರೆ. ಆ ಕ್ರಾಸಿಂಗ್ ಎಲ್ಲಿ ಆಗಬೇಕೆಂದು ನೋಡುವುದು ಗೆರೆ ಎಳೆದೇ. ಕಡಬ, ಸುಳ್ಯದ ಮಕ್ಕಳು ಹತ್ತನೇ ತರಗತಿಯಲ್ಲಿ ಹೆದರುವ ‘ನಕ್ಷೆಯ ಮೂಲಕ ಬಿಡಿಸಿ’ ಲೆಕ್ಕವೂ ಅದೇ.

ಮಂಗಳೂರು–ಹಾಸನ ಮೀಟರ್ ಗೇಜ್ ದಾರಿ ಪೂರ್ತಿ ತೆರೆದದ್ದು 1979ರಲ್ಲಿ. ಬ್ರಾಡ್ ಗೇಜ್ ಕೆಲಸಕ್ಕಾಗಿ 1996ರಲ್ಲಿ ಸಂಚಾರ ನಿಂತಿತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದವು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ. 50 ಮೀಟರ್ ಹೋದರೆ 1 ಮೀಟರ್ ಏರು, ಐವತ್ತಕ್ಕೂ ಹೆಚ್ಚು ಸುರಂಗ, ಒಂದೇ ಹಳಿ. ಎದುರುಬದುರು ರೈಲುಗಳು ನಿಲ್ದಾಣದಲ್ಲಿ ಬಿಟ್ಟು ಬೇರೆಲ್ಲೂ ಸಂಧಿಸುವಂತಿಲ್ಲ.

ಒಂದು ಲೆಕ್ಕ ಮಾಡೋಣ. ಕೆಳಗಿನಿಂದ ಒಂದು ರೈಲು ಗಂಟೆಗೆ 20 ಕಿ.ಮೀ., ಮೇಲಿನಿಂದ ಇನ್ನೊಂದು 24 ಕಿ.ಮೀ. ವೇಗದಲ್ಲಿ ಒಂದೇ ಹೊತ್ತಿಗೆ ಹೊರಟವು ಎನ್ನಿ. ಅಡ್ಡ ಗೆರೆಯಲ್ಲಿ (ಎಕ್ಸ್) ಗಂಟೆ, ನೇರ ಗೆರೆಯಲ್ಲಿ (ವೈ) ಸುಬ್ರಹ್ಮಣ್ಯ ರೋಡಿನಿಂದ ದೂರ. ಮೊದಲ ರೈಲಿಗೆ ವೈ = 20 ಎಕ್ಸ್: ಗಂಟೆ 0, 1, 2 ಆದಾಗ ದೂರ 0, 20, 40. ಎರಡನೆಯದಕ್ಕೆ ವೈ = 55 – 24 ಎಕ್ಸ್: ದೂರ 55, 31, 7. ಚುಕ್ಕಿ ಇಟ್ಟು ಸ್ಕೇಲಿನಲ್ಲಿ ಸೇರಿಸಿದರೆ ಗೆರೆಗಳು ಒಂದೂಕಾಲು ಗಂಟೆಗೆ, 25ನೇ ಕಿ.ಮೀ.ನಲ್ಲಿ ಕತ್ತರಿಸುತ್ತವೆ. ಅಲ್ಲಿ ನಿಲ್ದಾಣ ಇಲ್ಲದಿದ್ದರೆ? ಒಂದು ರೈಲನ್ನು ಹಿಂದಿನ ನಿಲ್ದಾಣದಲ್ಲೇ ತಡೆಯಬೇಕು. ನಿಂತ ರೈಲಿನ ಗೆರೆ ಅಡ್ಡಕ್ಕೆ ಮಲಗುತ್ತದೆ. ಹೊತ್ತು ಹೋಗುತ್ತದೆ, ದೂರ ಬದಲಾಗುವುದಿಲ್ಲ. ಸಿರಿಬಾಗಿಲಲ್ಲಿ ನಾವು ಬೇಸರದಿಂದ ಕೂರುವುದು ಆ ಮಲಗಿದ ಗೆರೆಯ ಮೇಲೆ.

ಎದುರುಬದುರು ಬರುವವರು ಯಾವಾಗ ಸೇರುತ್ತಾರೆ ಎಂಬ ಲೆಕ್ಕ ನಮ್ಮಲ್ಲಿ ಹಳೆಯದು. ನಡುವಿನ ದೂರವನ್ನು ಎರಡೂ ವೇಗಗಳ ಮೊತ್ತದಿಂದ ಭಾಗಿಸಿ ಎಂದು ಆರ್ಯಭಟ ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲೇ ಹೇಳಿದ್ದಾನೆ. 55 ಭಾಗಿಸು 44, ಅದೇ ಒಂದೂಕಾಲು ಗಂಟೆ. ಸಮೀಕರಣವನ್ನು ಗೆರೆಯಾಗಿ ನೋಡುವ ದಾರಿ ತೆರೆದದ್ದು 1637ರಲ್ಲಿ, ಫ್ರಾನ್ಸಿನ ಡೆಕಾರ್ಟನ ಪುಸ್ತಕದಿಂದ. 19ನೇ ಶತಮಾನದಲ್ಲಿ ಅದೇ ದೇಶದ ಮಾರೆ ಎಂಬ ವಿಜ್ಞಾನಿ ಪ್ಯಾರಿಸ್–ಲಿಯೋನ್ ರೈಲುಗಳ ಇಂಥ ನಕ್ಷೆಯನ್ನು ಪ್ರಕಟಿಸಿದ. ಅದನ್ನು ಮಾಡಿದ ಹೆಸರು ಇಬ್ರಿ ಎಂಬ ಎಂಜಿನಿಯರನದು.

ಎರಡೇ ರೈಲಾದರೆ ಆರ್ಯಭಟನ ಭಾಗಾಕಾರ ಸಾಕು. ಹತ್ತಾರು ರೈಲು, ನಡುವೆ ನಿಲುಗಡೆ, ಮಳೆಗಾಲದ ತಡ ಎಲ್ಲ ಸೇರಿದರೆ ಗೆರೆಗಳೇ ಬೇಕು. ಇಂದು ಅವನ್ನು ಕಂಪ್ಯೂಟರ್ ಎಳೆಯುತ್ತದೆ, ಲೆಕ್ಕ ಮಾತ್ರ ಹಳೆಯದೇ.

ಪರೀಕ್ಷೆಯಲ್ಲಿ ಗೆರೆ ತಪ್ಪಿದರೆ ನಾಲ್ಕು ಅಂಕ ಹೋದೀತು. ಘಾಟಿಯಲ್ಲಿ ತಪ್ಪುವಂತಿಲ್ಲ. ಮುಂದಿನ ಸಲ ರೈಲು ನಿಂತಾಗ ಪಕ್ಕದಲ್ಲಿ ಕೂತ ಮಗುವಿಗೆ ಒಂದು ಚೀಟಿಯ ಹಿಂದೆ ಆ ಎರಡು ಗೆರೆ ಎಳೆದು ತೋರಿಸಿ.