ನಂಬಿಕೆ ಮತ್ತು ಕ್ರಿಯೆ (ಹೊಸ ಒಡಂಬಡಿಕೆಯ ಪತ್ರಿಕೆಗಳು)

ಹೊಸ ಒಡಂಬಡಿಕೆಯ 27 ಗ್ರಂಥಗಳಲ್ಲಿ 21 ಗ್ರಂಥಗಳು ಪತ್ರರೂಪದಲ್ಲಿದ್ದು, ಕನ್ನಡ ಬೈಬಲಿನಲ್ಲಿ 'ಪತ್ರಿಕೆ'ಗಳೆಂದು ಕರೆಯಲ್ಪಡುತ್ತವೆ. ಮನುಷ್ಯನು ದೇವರ ದೃಷ್ಟಿಯಲ್ಲಿ ನೀತಿವಂತನಾಗುವುದು ನಂಬಿಕೆಯಿಂದಲೋ ಕ್ರಿಯೆಯಿಂದಲೋ ಎಂಬ ಪ್ರಶ್ನೆಯಲ್ಲಿ ಪೌಲನ ಪತ್ರಿಕೆಗಳಿಗೂ ಯಾಕೋಬನ ಪತ್ರಿಕೆಗೂ ಇರುವ ಸಂಬಂಧವು ದೀರ್ಘಕಾಲದ ಚರ್ಚೆಯ ವಿಷಯವಾಗಿದೆ.

ಅಬ್ರಹಾಮನ ಉದಾಹರಣೆ

ಅಬ್ರಹಾಮನ ನಂಬಿಕೆಯು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತೆಂಬ ಆದಿಕಾಂಡದ ವಾಕ್ಯವನ್ನು (15:6) ಇಬ್ಬರೂ ಆಧಾರವಾಗಿ ಬಳಸುತ್ತಾರೆ. ಗಲಾತ್ಯ (3:6) ಮತ್ತು ರೋಮಾಪುರ (4:3) ಪತ್ರಿಕೆಗಳಲ್ಲಿ ಪೌಲನು ಅದರಿಂದ ನಂಬಿಕೆಯೇ ಸಾಕೆಂದು ಸಾಧಿಸುತ್ತಾನೆ. ಅಬ್ರಹಾಮನಿಗೆ ಸುನ್ನತಿಯಾದದ್ದು ಆ ಬಳಿಕ (ಆದಿಕಾಂಡ 17) ಎಂಬುದು ಅವನ ಮುಖ್ಯ ವಾದ. ಯಾಕೋಬನಾದರೋ (2:21-24) ಇಸಾಕನನ್ನು ಬಲಿಪೀಠದ ಮೇಲೆ ಅರ್ಪಿಸಿದ ಪ್ರಸಂಗವನ್ನು (ಆದಿಕಾಂಡ 22) ಮುಂದಿಟ್ಟು, ಆ ವಾಕ್ಯವು ನೆರವೇರಿದ್ದು ಕ್ರಿಯೆಯಲ್ಲಿಯೇ ಎನ್ನುತ್ತಾನೆ. ಮಾತು ಒಂದೇ, ತೀರ್ಮಾನಗಳು ಎದುರುಬದುರು.

ವಿರೋಧವೇ?

ಪೌಲನ ಎದುರಿಗಿದ್ದ ಪ್ರಶ್ನೆ, ಯೆಹೂದ್ಯರಲ್ಲದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬುದು. ಯಾಕೋಬನ ಎದುರಿಗಿದ್ದದ್ದು ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಬಾಯಿಮಾತಿನ ಹಾರೈಕೆಯನ್ನಷ್ಟೇ ಕೊಟ್ಟು ಕಳುಹಿಸುವ ಸಭೆ (2:15-16). ಗ್ರೀಕ್ ಮೂಲದಲ್ಲಿ ಇಬ್ಬರೂ 'ಎರ್ಗ' ಎಂಬ ಒಂದೇ ಪದವನ್ನು ಬಳಸಿದ್ದಾರೆ. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಅನುವಾದವು ಅದನ್ನು ಗಲಾತ್ಯ 2:16ರಲ್ಲಿ 'ನೇಮನಿಷ್ಠೆ' ಎಂದೂ ಯಾಕೋಬನಲ್ಲಿ 'ಕ್ರಿಯೆ' ಎಂದೂ ಬೇರ್ಪಡಿಸಿದೆ. ಹೀಗಾಗಿ ಕನ್ನಡದ ಓದುಗನಿಗೆ ವಿರೋಧವು ಅಷ್ಟಾಗಿ ತಟ್ಟುವುದಿಲ್ಲ; ಅನುವಾದವೇ ಅರ್ಧ ವ್ಯಾಖ್ಯಾನವಾಗಿಬಿಟ್ಟಿದೆ. ಪ್ರೀತಿಯ ಮೂಲಕ ಕೆಲಸ ನಡಿಸುವ ನಂಬಿಕೆಯೇ ಬೇಕಾದದ್ದೆಂದು ಪೌಲನೂ ಹೇಳುತ್ತಾನೆ (ಗಲಾತ್ಯ 5:6) ಎಂಬುದನ್ನು ಮರೆಯಬಾರದು.

ಆದರೂ ಭಿನ್ನತೆಯನ್ನು ಪೂರ್ಣವಾಗಿ ಅಳಿಸಲಾಗದು. ಯಾಕೋಬನ ಕಡೆಯಿಂದ ಕೆಲವರು ಬಂದ ಮೇಲೆ ಅಂತಿಯೋಕ್ಯದಲ್ಲಿ ಸಹಭೋಜನವು ಮುರಿದುಬಿದ್ದುದನ್ನು ಪೌಲನೇ ದಾಖಲಿಸಿದ್ದಾನೆ (ಗಲಾತ್ಯ 2:12). ಈ ಪತ್ರಿಕೆಯನ್ನು ಬರೆದವನು ಅದೇ ಯಾಕೋಬನೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಪೌಲನ ಪತ್ರಗಳಲ್ಲಿ ಕೆಲವು ಮಾತುಗಳು ತಿಳಿಯಲು ಕಷ್ಟವೆಂದು ಪೇತ್ರನ ಎರಡನೆಯ ಪತ್ರಿಕೆಯೇ (3:16) ಒಪ್ಪಿಕೊಳ್ಳುತ್ತದೆ.

ನಂತರದ ಓದು

ಮಾರ್ಟಿನ್ ಲೂಥರ್ 1522ರ ತನ್ನ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದನು. ರೋಮಾಪುರದ ಪತ್ರಿಕೆಗೆ ಅದೇ ಲೂಥರ್ ಬರೆದ ಮುನ್ನುಡಿಯನ್ನು 1738ರಲ್ಲಿ ಕೇಳಿ ಮನಃಪರಿವರ್ತನೆ ಹೊಂದಿದ ಜಾನ್ ವೆಸ್ಲಿ, ಸತ್ಕ್ರಿಯೆ ಹಾಗೂ ಪರಿಶುದ್ಧ ಜೀವನಕ್ಕೂ ಅಷ್ಟೇ ಒತ್ತುಕೊಟ್ಟನು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1830ರ ದಶಕದ ಕೊನೆಯ ಭಾಗದಿಂದ ಕೆಲಸ ಮಾಡಿದ ಮಿಷನರಿಗಳು ಈ ವೆಸ್ಲಿಯನ್ ಪರಂಪರೆಯವರು. ಅವರಲ್ಲೊಬ್ಬನಾದ ವಿಲಿಯಂ ಆರ್ಥರ್ ತನ್ನ ಗುಬ್ಬಿಯ ಅನುಭವಗಳನ್ನು 1847ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಪ್ರಕಟಿಸಿದನು. ಈ ಪರಂಪರೆಯ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.